ಹಿಮದ ಹರಳೂ ಕೆಪ್ಲರನ ಎಣಿಕೆಯೂ

ಗ್ರಹಗಳು ಸೂರ್ಯನನ್ನು ದೀರ್ಘವೃತ್ತದಲ್ಲಿ ಸುತ್ತುವುವೆಂದು ಲೋಕಕ್ಕೆ ತೋರಿಸಿಕೊಟ್ಟ ಯೋಹಾನೆಸ್ ಕೆಪ್ಲರನ ಹೆಸರನ್ನು ಪ್ರೌಢಶಾಲೆಯ ಮೆಟ್ಟಿಲೇರಿದವರೆಲ್ಲರೂ ಕೇಳಿರುತ್ತಾರೆ. ಸ್ಫಟಿಕದೊಳಗೆ ಒಂದು ಪರಮಾಣುವಿಗೆ ತೀರ ಹತ್ತಿರದ ನೆರೆಯವು ಎಷ್ಟು ಎಂದು ಇಂದಿನ ವಿಜ್ಞಾನದ ವಿದ್ಯಾರ್ಥಿಗಳು ಮಾಡುವ ಎಣಿಕೆಯ ಎಳೆಯೊಂದು ಆತನದೇ ಪುಟ್ಟ ಹೊತ್ತಗೆಯಲ್ಲಿದೆ ಎಂಬುದನ್ನು ಬಲ್ಲವರು ಮಾತ್ರ ವಿರಳ.

ಕೆಪ್ಲರನು 1571ನೆಯ ಇಸವಿ ಡಿಸೆಂಬರ್ 27ರಂದು ಜರ್ಮನಿಯ ವೈಲ್ ಡೆರ್ ಸ್ಟಾಟ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದನು. ತಂದೆ ಕೂಲಿಗಾಗಿ ಕಾದುವ ಸಿಪಾಯಿ. ಮನೆ ಬಿಟ್ಟು ಹೋದವನು ಕಡೆಗೆ ಹಿಂದಿರುಗಲಿಲ್ಲ. ಎಳವೆಯಲ್ಲಿಯೇ ಸಿಡುಬು ತಗುಲಿ ಬಾಲಕನ ದೃಷ್ಟಿ ಮಂದವಾಯಿತು. ಆಕಾಶವನ್ನು ಅಳೆಯಬೇಕಾದವನಿಗೆ ವಿಧಿ ಕೊಟ್ಟ ಕಣ್ಣು ಅಂಥದು! ಟ್ಯೂಬಿಂಗೆನ್ನಿನಲ್ಲಿ ಧರ್ಮಶಾಸ್ತ್ರವನ್ನು ಓದುತ್ತಿದ್ದವನು 1594ರಲ್ಲಿ ಗ್ರಾಟ್ಸ್ ನಗರದ ಶಾಲೆಗೆ ಗಣಿತದ ಉಪಾಧ್ಯಾಯನಾಗಿ ಹೋದನು. 1600ರಲ್ಲಿ ಪ್ರಾಗ್ ನಗರಕ್ಕೆ ಬಂದು ಟೈಕೋ ಬ್ರಾಹೆಯ ಬಳಿ ಸೇರಿದನು. ಮರುವರ್ಷ ಟೈಕೋ ತೀರಿಕೊಂಡ ಬಳಿಕ ಚಕ್ರವರ್ತಿ ಎರಡನೆಯ ರುಡಾಲ್ಫನ ಆಸ್ಥಾನಗಣಿತಜ್ಞನಾದನು. ಪದವಿಯೇನೋ ದೊಡ್ಡದು, ಸಂಬಳ ಸಕಾಲದಲ್ಲಿ ಕೈಸೇರುತ್ತಿರಲಿಲ್ಲ.

1611ರ ಹೊಸವರ್ಷಕ್ಕೆ ತನ್ನ ಮಿತ್ರನೂ ಪೋಷಕನೂ ಆದ ವಾಕರ್ ಎಂಬ ಆಸ್ಥಾನಿಕನಿಗೆ ಏನನ್ನಾದರೂ ಕಾಣಿಕೆಯಾಗಿ ಕೊಡಬೇಕೆಂದು ಕೆಪ್ಲರನು ಯೋಚಿಸುತ್ತಿದ್ದನು. ವಾಕರನು 'ಏನೂ ಇಲ್ಲ'ವೆಂಬುದನ್ನೇ ಮೆಚ್ಚುವ ವಿನೋದಶೀಲ. ಕೊಡುವವನ ಕೈಯಲ್ಲಿಯೂ ಏನೂ ಇರಲಿಲ್ಲ. ಸೇತುವೆಯನ್ನು ದಾಟುವಾಗ ಹಿಮದ ಹರಳುಗಳು ಆತನ ಅಂಗಿಯ ಮೇಲೆ ಬಿದ್ದವು. ಎಲ್ಲಕ್ಕೂ ಆರೇ ಮೂಲೆ. ಲ್ಯಾಟಿನ್ ಭಾಷೆಯಲ್ಲಿ ಹಿಮಕ್ಕೆ ನಿಕ್ಸ್ ಎಂದು ಹೆಸರು. ಆ ಧ್ವನಿಯೇ ಜರ್ಮನರ ಆಡುಮಾತಿನಲ್ಲಿ ಏನೂ ಇಲ್ಲವೆಂಬ ಅರ್ಥವನ್ನು ಕೊಡುತ್ತದೆ. ಶ್ಲೇಷದ ಸವಿಯನ್ನು ಬಲ್ಲವರಿಗೆ ಈ ಕಾಣಿಕೆಯ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಮಕ್ಕೆ ಆರು ಮೂಲೆಗಳೇಕೆ, ಐದೋ ಏಳೋ ಏಕಿಲ್ಲ ಎಂಬ ವಿಚಾರವೇ ಹೊತ್ತಗೆಯಾಯಿತು.

ಉತ್ತರವನ್ನರಸುತ್ತ ಆತನು ಜೇನುಗೂಡನ್ನೂ ದಾಳಿಂಬೆಯ ಬೀಜಗಳನ್ನೂ ಪರಿಶೀಲಿಸಿ, ಸಮನಾದ ಗುಂಡುಗಳ ಜೋಡಣೆಗೆ ಬಂದನು. ಗುಂಡುಗಳನ್ನು ಚೌಕವಾಗಿ ಹರಡಿ, ಒಂದರ ನೆತ್ತಿಯ ಮೇಲೆಯೇ ಇನ್ನೊಂದನ್ನಿಟ್ಟರೆ ಪ್ರತಿಯೊಂದಕ್ಕೂ ಸುತ್ತ ನಾಲ್ಕು, ಮೇಲೊಂದು, ಕೆಳಗೊಂದು, ಅಂತು ಆರು ತಾಗುವುವು. ಮೇಲಿನ ಸಾಲನ್ನು ಕೆಳಸಾಲಿನ ಕುಳಿಗಳಲ್ಲಿ ಕೂರಿಸಿದರೆ ಸುತ್ತ ನಾಲ್ಕು, ಮೇಲೆ ನಾಲ್ಕು, ಕೆಳಗೆ ನಾಲ್ಕು, ಒಟ್ಟು ಹನ್ನೆರಡು. ಇದಕ್ಕಿಂತ ಬಿಗಿಯಾದ ಜೋಡಣೆಯಿಲ್ಲವೆಂದು ಆತನು ಹೇಳಿದನು, ಸಾಧಿಸಲಿಲ್ಲ. ಥಾಮಸ್ ಹೇಲ್ಸ್ ಎಂಬ ಗಣಿತಜ್ಞನು ಕಂಪ್ಯೂಟರಿನ ನೆರವಿನಿಂದ ಅದರ ಸಾಧನೆಯನ್ನು ಪ್ರಕಟಿಸಿದ್ದು 1998ರಲ್ಲಿ. ಇಲ್ಲಿ ಸೋಜಿಗವೊಂದುಂಟು. ಪರಮಾಣುಗಳನ್ನು ನೆನೆಯುವಂತೆ ಇಂಗ್ಲೆಂಡಿನ ಹ್ಯಾರಿಯಟ್ ಎಂಬ ಪಂಡಿತನು ಪತ್ರಮುಖೇನ ಸೂಚಿಸಿದ್ದರೂ ಕೆಪ್ಲರನು ಪರಮಾಣುವಾದವನ್ನು ಒಪ್ಪಿರಲಿಲ್ಲ!

1912ರಲ್ಲಿ ಲೌಎ ಸ್ಫಟಿಕಗಳ ಮೂಲಕ ಎಕ್ಸ್ ಕಿರಣಗಳನ್ನು ಹಾಯಿಸಿದ ಮೇಲೆ ಈ ಗುಂಡುಗಳು ಪರಮಾಣುಗಳಾದವು. ಆಗ ಬಳಕೆಗೆ ಬಂದ ಎಣಿಕೆಯ ಕ್ರಮ ಸರಳವಾದುದು: ಮೊದಲು ಅತಿ ಹತ್ತಿರದ ದೂರವನ್ನು ಗೊತ್ತುಮಾಡಿ, ಅನಂತರ ಆ ದೂರದಲ್ಲಿರುವವನ್ನು ಮಾತ್ರ ಎಣಿಸಬೇಕು. ಘನದ ಮೂಲೆಗಳಲ್ಲಿ ಮಾತ್ರ ಪರಮಾಣುಗಳಿದ್ದರೆ ಹತ್ತಿರದ ದೂರವು ಘನದ ಅಂಚು, ನೆರೆಯವು ಆರು. ಸಾಧಾರಣ ಶಾಖದ ಕಬ್ಬಿಣದಲ್ಲಿರುವಂತೆ ಘನದ ನಡುವೆ ಇನ್ನೊಂದಿದ್ದರೆ, ನಡುವಿನಿಂದ ಮೂಲೆಗೆ ಅಂಚಿನ 0.87ರಷ್ಟೇ ದೂರ, ಮೂಲೆಗಳು ಎಂಟಾದುದರಿಂದ ನೆರೆಯವೂ ಎಂಟು. ದೂರವನ್ನು ಅಳೆಯದೆ ಅಂಚಿನುದ್ದಕ್ಕೆ ಎಣಿಸಹೊರಟ ವಿದ್ಯಾರ್ಥಿ ಇಲ್ಲಿಯೂ ಆರೆಂದು ಬರೆದುಬಿಡುತ್ತಾನೆ. ತಾಮ್ರದಲ್ಲಿಯೂ ಚಿನ್ನದಲ್ಲಿಯೂ ಮೂಲೆಗಳ ಜೊತೆಗೆ ಪ್ರತಿ ಮುಖದ ನಡುವೆಯೂ ಒಂದೊಂದು ಪರಮಾಣುವಿದೆ. ಹತ್ತಿರದ ದೂರ ಅಂಚಿನ 0.71ರಷ್ಟು, ಪರಸ್ಪರ ಲಂಬವಾದ ಮೂರು ತಲಗಳಲ್ಲಿ ನಾಲ್ಕು ನಾಲ್ಕರಂತೆ ಹನ್ನೆರಡು. ಕೆಪ್ಲರನ ಹನ್ನೆರಡು ಇದೇ. ಗುಂಡುಗಳು ತುಂಬುವ ಎಡೆಯನ್ನು ನೋಡಿದರೆ ಆರರ ಜೋಡಣೆಯಲ್ಲಿ ನೂರಕ್ಕೆ 52, ಎಂಟರಲ್ಲಿ 68, ಹನ್ನೆರಡರಲ್ಲಿ 74.

ಇಷ್ಟಾದರೂ ಹಿಮದ ಪ್ರಶ್ನೆಗೆ ಉತ್ತರ ದೊರೆಯಲಿಲ್ಲ. ದೊರೆಯಿತೆಂದು ಕೆಪ್ಲರನು ನಟಿಸಲೂ ಇಲ್ಲ. ತನಗೆ ತಿಳಿಯಲಿಲ್ಲವೆಂದು ಒಪ್ಪಿ, ವಿಚಾರವನ್ನು ರಸಾಯನಜ್ಞರಿಗೆ ಬಿಟ್ಟುಕೊಟ್ಟನು. ಹಿಮವು ಬಿಗಿ ಜೋಡಣೆಯೇ ಅಲ್ಲವೆಂದು ನಮಗೆ ಈಗ ತಿಳಿದಿದೆ. ಅದರ ಒಂದೊಂದು ಆಮ್ಲಜನಕ ಪರಮಾಣುವಿಗೂ ಅದೇ ಜಾತಿಯ ಹತ್ತಿರದ ನೆರೆಯವು ನಾಲ್ಕೇ, ಅವು ಆರಾರರ ಉಂಗುರಗಳಾಗಿ ಹೆಣೆದುಕೊಂಡಿವೆ.

ವಿನೋದದಿಂದ ಮೊದಲಾದ ಆ ವರ್ಷ ಆತನಿಗೆ ಕ್ರೂರವಾಯಿತು. ಫೆಬ್ರವರಿಯಲ್ಲಿ ಆರು ವರ್ಷದ ಮಗ ಸಿಡುಬಿನಿಂದ ತೀರಿಕೊಂಡನು. ಜುಲೈಯಲ್ಲಿ ಹೆಂಡತಿ ಮಡಿದಳು. ರುಡಾಲ್ಫನು ಬೊಹೀಮಿಯದ ಸಿಂಹಾಸನವನ್ನು ಕಳೆದುಕೊಂಡನು. 1612ರಲ್ಲಿ ಕೆಪ್ಲರನು ಲಿನ್ಸ್ ನಗರಕ್ಕೆ ತೆರಳಿದನು. ಮುದಿತಾಯಿಯ ಮೇಲೆ ಮಾಟಗಾತಿಯೆಂಬ ಆರೋಪ ಬಂದಾಗ ಆಕೆಯ ಪರವಾಗಿ ತಾನೇ ವಾದವನ್ನು ಸಿದ್ಧಪಡಿಸಿ, 1621ರಲ್ಲಿ ಸೆರೆಯಿಂದ ಬಿಡಿಸಿದನು. ತನಗೆ ಬರಬೇಕಾದ ಹಣವನ್ನು ಕೇಳುವುದಕ್ಕೆಂದು ಹೊರಟವನು 1630ರ ನವೆಂಬರ್ 15ರಂದು ರೇಗೆನ್ಸ್‌ಬುರ್ಗಿನಲ್ಲಿ ಜ್ವರದಿಂದ ಮೃತನಾದನು. ಆತನನ್ನು ಹೂಳಿದ ಸ್ಮಶಾನ ಮುಂದೆ ಯುದ್ಧದಲ್ಲಿ ಹಾಳಾಗಿ, ಸಮಾಧಿಯ ಗುರುತೂ ಉಳಿಯಲಿಲ್ಲ.