ಸರ್ ಪೀಟರ್ ಮೆಡಾವರ್

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮಲೆನಾಡಿನ ಮನೆಗಳಲ್ಲಿ ಕೂಸಿನ ಅನ್ನಪ್ರಾಶನವೆಂದರೆ ಒಂದು ಸಂಭ್ರಮ. ಅಂದು ಕೂಸು ನುಂಗುವ ಅಗುಳಿನಲ್ಲಿರುವ ಸಸಾರಜನಕವು ಅದರ ದೇಹಕ್ಕೆ ಪರಕೀಯವಾದುದು. ರೋಗಾಣುವನ್ನು ಕಂಡೊಡನೆ ಮೇಲೆರಗುವ ದೇಹದ ರಕ್ಷಣಾವ್ಯವಸ್ಥೆಯು ಅನ್ನವನ್ನೇಕೆ ಶತ್ರುವೆಂದು ಬಗೆಯುವುದಿಲ್ಲ? ದೇಹವು ಸೈರಣೆಯನ್ನೂ ಕಲಿಯಬಲ್ಲದು ಎಂಬುದೇ ಇದರ ಉತ್ತರ. ಈ ಕಲಿಕೆಯನ್ನು ಪ್ರಯೋಗದಿಂದ ಸಿದ್ಧಪಡಿಸಿದವರಲ್ಲಿ ಪೀಟರ್ ಮೆಡಾವರ್ ಅಗ್ರಗಣ್ಯರು.

ಮೆಡಾವರ್ ಅವರು 1915ರಲ್ಲಿ ಬ್ರೆಜಿಲ್ ದೇಶದಲ್ಲಿ ಜನಿಸಿದರು. ತಂದೆ ಲೆಬನಾನ್ ಮೂಲದವರು, ತಾಯಿ ಇಂಗ್ಲಿಷ್ ಮಹಿಳೆ. ಇಂಗ್ಲೆಂಡಿನಲ್ಲಿ ಶಾಲಾಶಿಕ್ಷಣ ಪಡೆದು, ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರವನ್ನು ವ್ಯಾಸಂಗ ಮಾಡಿದರು. ಎರಡನೆಯ ಮಹಾಯುದ್ಧದ ಕಾಲ. 1940ರಲ್ಲಿ ಅವರ ಮನೆಯ ಸಮೀಪದಲ್ಲೇ ವಿಮಾನವೊಂದು ನೆಲಕ್ಕಪ್ಪಳಿಸಿತು. ಮೈಯೆಲ್ಲ ಸುಟ್ಟ ವೈಮಾನಿಕನಿಗೆ ಹೊದಿಸಲು ಅವನದೇ ಚರ್ಮ ಸಾಲದು. ಇತರರ ಚರ್ಮವು ನಿಲ್ಲದು. ವೈದ್ಯರು ಮೆಡಾವರರ ಸಲಹೆ ಕೇಳಿದರು. ತರುಣ ವಿಜ್ಞಾನಿಯ ಬಾಳಿನ ದಿಕ್ಕು ಅಂದೇ ಬದಲಾಯಿತು.

ಮುಂದೆ ಅವರು ಗ್ಲಾಸ್ಗೋ ನಗರದ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಥಾಮಸ್ ಗಿಬ್ಸನ್ನರೊಡನೆ ದುಡಿದರು. ಸುಟ್ಟ ಗಾಯಗಳಿಂದ ನರಳುತ್ತಿದ್ದ ಯುವತಿಗೆ ಆಕೆಯ ಸೋದರನ ಚರ್ಮವನ್ನು ಕಸಿಮಾಡಿದರು. ಅದು ನಶಿಸಿತು. ಎರಡನೆಯ ಬಾರಿ ಹೊದಿಸಿದ ಚರ್ಮವು ಇನ್ನೂ ಬೇಗ ನಶಿಸಿತು. ದೇಹವು ಮೊದಲ ಕಸಿಯನ್ನು ನೆನಪಿಟ್ಟುಕೊಂಡಿದೆ, ತಿರಸ್ಕಾರವೂ ರಕ್ಷಣಾವ್ಯವಸ್ಥೆಯ ಕೆಲಸವೇ ಎಂದು ಮೆಡಾವರ್ ಅರಿತರು.

ತಿರಸ್ಕಾರವು ಕಲಿತ ವಿದ್ಯೆಯಾದರೆ ಸೈರಣೆಯನ್ನೂ ಕಲಿಸಬಾರದೇಕೆ? ಬಿಲ್ಲಿಂಗ್‌ಹ್ಯಾಮ್ ಮತ್ತು ಬ್ರೆಂಟ್ ಎಂಬ ಸಹೋದ್ಯೋಗಿಗಳೊಡನೆ ಅವರು ಇನ್ನೂ ಗರ್ಭದಲ್ಲಿದ್ದ ಕಂದು ಇಲಿಮರಿಗಳಿಗೆ ಬಿಳಿಯ ತಳಿಯ ಇಲಿಯ ಜೀವಕೋಶಗಳನ್ನು ಚುಚ್ಚಿದರು. ಮರಿಗಳು ಬೆಳೆದ ಮೇಲೆ ಅದೇ ಬಿಳಿಯ ತಳಿಯ ಚರ್ಮವನ್ನು ಕಸಿಮಾಡಿದಾಗ, ಹಲವು ಮರಿಗಳ ಕಂದು ಮೈಮೇಲೆ ಬಿಳಿಯ ತೇಪೆಯು ನೆಮ್ಮದಿಯಿಂದ ಉಳಿಯಿತು! 1953ರಲ್ಲಿ ಪ್ರಕಟವಾದ ಈ ಸಾಧನೆಗಾಗಿ 1960ರಲ್ಲಿ ಆಸ್ಟ್ರೇಲಿಯದ ಬರ್ನೆಟ್ಟರೊಡನೆ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಆಹಾರದ ವಿಷಯದಲ್ಲಿ ಈ ಪಾಠವನ್ನು ಕಲಿಸುವ ಶಾಲೆ ನಮ್ಮ ಕರುಳು. ಮೊಟ್ಟೆಯ ಬಿಳಿಯನ್ನು ಮೊದಲು ತಿಂದ ಗಿನಿಹಂದಿಗಳು, ಅನಂತರ ಅದನ್ನೇ ಚುಚ್ಚಿದಾಗ ಆಘಾತಕ್ಕೆ ಒಳಗಾಗುವುದಿಲ್ಲವೆಂದು ಅಮೆರಿಕದ ವೆಲ್ಸ್ 1911ರಲ್ಲಿಯೇ ತೋರಿಸಿದ್ದರು. ಕರುಳಿನ ಕೆಲವು ಕೋಶಗಳು ಆಹಾರದ ಸಸಾರಜನಕದ ತುಣುಕುಗಳನ್ನು ಸಮೀಪದ ದುಗ್ಧಗ್ರಂಥಿಗಳಿಗೆ ಒಯ್ಯುತ್ತವೆ. ಅಲ್ಲಿ ಹುಟ್ಟುವ ನಿಯಂತ್ರಕ ಕೋಶಗಳು ಹೋರಾಟವನ್ನು ತಡೆಹಿಡಿಯುತ್ತವೆ. ಈ ಕಲಿಕೆ ತಪ್ಪಿದಲ್ಲಿ ಹಾಲು, ಮೊಟ್ಟೆ, ನೆಲಗಡಲೆಯೂ ಕೆಲವರಿಗೆ ಒಗ್ಗವು. ಒಮ್ಮೊಮ್ಮೆ ಪ್ರಾಣಕ್ಕೇ ಎರವಾಗುತ್ತವೆ.

1969ರಲ್ಲಿ ಮೆಡಾವರರಿಗೆ ಪಾರ್ಶ್ವವಾಯು ಬಡಿಯಿತು. ಎಡಭಾಗವು ಸ್ವಾಧೀನ ತಪ್ಪಿತು. ಆದರೂ ಅವರು ಸಂಶೋಧನೆಯನ್ನು ಬಿಡಲಿಲ್ಲ, ಲೇಖನಿಯನ್ನು ಕೆಳಗಿಡಲಿಲ್ಲ. ತರುಣ ವಿಜ್ಞಾನಿಗಳಿಗೆ ಹಿತವಚನ ಹೇಳುವ ಗ್ರಂಥವನ್ನು ರಚಿಸಿದ್ದು ಆ ಬಳಿಕವೇ. 1987ರಲ್ಲಿ ಅವರು ಕಾಲವಾದರು. ಸುಟ್ಟು ನರಳಿದ ಒಬ್ಬ ವೈಮಾನಿಕನ ಸಂಕಟಕ್ಕೆ ಉತ್ತರ ಹುಡುಕಹೊರಟ ಅವರು, ದೇಹವು ತನ್ನದಲ್ಲದುದನ್ನು ತನ್ನದೆಂದು ಒಪ್ಪಿಕೊಳ್ಳುವ ಬಗೆಯನ್ನು ಲೋಕಕ್ಕೆ ತಿಳಿಸಿಕೊಟ್ಟರು.