ಬಣ್ಣದ ಬಟ್ಟಲಿನ ಹಿಂದಿನ ಮನುಷ್ಯ: ಯೂಜೀನ್ ಶುಲ್ಲರ್

ರೋಣ ಇರಲಿ, ನರಗುಂದ ಇರಲಿ, ನಮ್ಮ ಗಜೇಂದ್ರಗಡ ಇರಲಿ, ಇಂದು ಸಲೂನಿಗೆ ಹೋದರೆ ಕತ್ತರಿ, ಬಾಚಣಿಗೆಯ ಪಕ್ಕದಲ್ಲಿ ಬಣ್ಣ ಕಲೆಸುವ ಬಟ್ಟಲೂ ಕಾಣುತ್ತದೆ. ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿ. ಸಂಜೆ ಹೊತ್ತು ಚಿಕ್ಕಪ್ಪನ ಸಲೂನಿನಲ್ಲಿ ಕೆಲಸ ಕಲಿಯುತ್ತೇನೆ. ಆ ಬಟ್ಟಲಿನ ಹಿಂದೆ ಒಬ್ಬ ರಸಾಯನಶಾಸ್ತ್ರದ ಪದವೀಧರನಿದ್ದಾನೆ. ಅವನ ಬದುಕನ್ನು ಇಲ್ಲಿ ಬರೆದಿದ್ದೇನೆ.

ಯೂಜೀನ್ ಶುಲ್ಲರ್ 1881ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ. ತಂದೆ-ತಾಯಿಯದು ಸಿಹಿತಿಂಡಿ ಮಾಡಿ ಮಾರುವ ಸಣ್ಣ ಅಂಗಡಿ. ಹುಡುಗ ಅಲ್ಲಿ ದುಡಿಯುತ್ತಲೇ ಓದಿ, 1904ರಲ್ಲಿ ಅನ್ವಯಿಕ ರಸಾಯನಶಾಸ್ತ್ರದ ಪದವಿ ಪಡೆದ. ಆ ಕಾಲದಲ್ಲಿ ಕೂದಲಿಗೆ ಹಚ್ಚುವ ಬಣ್ಣಗಳಲ್ಲಿ ಸೀಸದಂತಹ ಲೋಹದ ಲವಣಗಳಿರುತ್ತಿದ್ದವು. ಸೀಸವು ಕೂದಲಿನ ಗಂಧಕದೊಡನೆ ಸೇರಿ ಕಪ್ಪಾಗುತ್ತದೆ, ಆದರೆ ಅದು ವಿಷ. ಹಾನಿಯಿಲ್ಲದ ಬಣ್ಣ ಸಿಗಬಹುದೇ ಎಂದು ಒಬ್ಬ ಕ್ಷೌರಿಕ ರಸಾಯನಶಾಸ್ತ್ರಜ್ಞನನ್ನು ಹುಡುಕಿಕೊಂಡು ಬಂದಾಗ, ಆ ಕೆಲಸ ಶುಲ್ಲರ್‌ನ ಪಾಲಿಗೆ ಬಂತು.

1907ರಲ್ಲಿ ಅವನು ಒಂದು ಬಣ್ಣ ಸಿದ್ಧಪಡಿಸಿ ಅದಕ್ಕೆ ಓರಿಯಾಲ್ ಎಂದು ಹೆಸರಿಟ್ಟ. ಪ್ರಯೋಗಾಲಯ ಎಂದರೆ ಬಾಡಿಗೆಯ ಚಿಕ್ಕ ಮನೆ. ರಾತ್ರಿ ಬಣ್ಣ ತಯಾರಿಸುವುದು, ಹಗಲು ಪ್ಯಾರಿಸ್‌ನ ಸಲೂನುಗಳಿಗೆ ಹೊತ್ತು ಮಾರುವುದು. 1909ರಲ್ಲಿ ಕಂಪನಿ ನೋಂದಾಯಿಸಿದಾಗ ಅದರ ಹೆಸರಿನಲ್ಲೇ ಹಾನಿಯಿಲ್ಲದ ಬಣ್ಣ ಎಂಬ ಮಾತು ಇತ್ತು. ಮುಂದೆ ಅದೇ ಲೋರಿಯಲ್ ಆಯಿತು. ಮೊದಲ ಮಹಾಯುದ್ಧಕ್ಕೆ ಅವನು ಸೈನಿಕನಾಗಿ ಹೋದಾಗ ಹೆಂಡತಿ ವ್ಯವಹಾರ ನೋಡಿಕೊಂಡಳು. 1920ರ ದಶಕದ ಕೊನೆಗೆ ಇಮೇಡಿಯಾ ಎಂಬ ಬೇಗ ಹಿಡಿಯುವ ಬಣ್ಣ, 1934ರಲ್ಲಿ ಡೋಪ್ ಶಾಂಪೂ ಬಂದವು.

ಈ ಬಣ್ಣ ಕೆಲಸ ಮಾಡುವ ರೀತಿ ನಮ್ಮ ಪಠ್ಯದ ಆಕ್ಸಿಡೀಕರಣ ಕ್ರಿಯೆಯೇ. ಅಮೋನಿಯಾ ಕೂದಲಿನ ಹೊರಪದರದ ಪೊರೆಗಳನ್ನು ಸಡಿಲಿಸುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಕೂದಲಿನ ಸಹಜ ಮೆಲನಿನ್ ಅನ್ನು ತಿಳಿಗೊಳಿಸುತ್ತದೆ, ಜೊತೆಗೆ ಒಳಹೊಕ್ಕ ಪಿಪಿಡಿ ಎಂಬ ಬಣ್ಣವಿಲ್ಲದ ಚಿಕ್ಕ ಅಣುಗಳನ್ನು ಇತರ ಅಣುಗಳೊಡನೆ ಜೋಡಿಸಿ ಬಣ್ಣದ ದೊಡ್ಡ ಅಣುಗಳನ್ನಾಗಿ ಮಾಡುತ್ತದೆ. ದೊಡ್ಡವಾದ ಮೇಲೆ ಅವು ಸುಲಭವಾಗಿ ಹೊರಬರಲಾರವು. ಅದಕ್ಕೇ ಬಣ್ಣ ತೊಳೆದರೂ ಹೋಗುವುದಿಲ್ಲ. ಡೆವಲಪರ್ ಡಬ್ಬಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಶೇ. 6, 40 ಎಂದಿದ್ದರೆ ಶೇ. 12 ಪೆರಾಕ್ಸೈಡ್. ಪ್ರಮಾಣ ಹೆಚ್ಚಿದಷ್ಟೂ ಕೂದಲಿಗೂ ತಲೆಯ ಚರ್ಮಕ್ಕೂ ಅಪಾಯ ಹೆಚ್ಚು. ಕೂದಲು ನೇರ ಮಾಡುವ ಕ್ರೀಮಿನ ಕೆಲಸ ಬೇರೆ. ಅದು ಕೆರಾಟಿನ್‌ನ ಗಂಧಕದ ಬಂಧಗಳನ್ನು ಬಿಡಿಸುತ್ತದೆ, ನಂತರ ಹಚ್ಚುವ ದ್ರಾವಣ ಅವನ್ನು ಹೊಸ ಆಕಾರದಲ್ಲಿ ಮತ್ತೆ ಕಟ್ಟುತ್ತದೆ. ಎರಡನ್ನೂ ಒಂದೇ ದಿನ ಮಾಡಿದರೆ ಕೂದಲು ತುಂಡಾಗುವುದು ಸಹಜ.

ಶುಲ್ಲರ್‌ನ ಬದುಕಿನ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. 1930ರ ದಶಕದಲ್ಲಿ ಅವನು ಫ್ರಾನ್ಸಿನ ಲಾ ಕಗೂಲ್ ಎಂಬ ಹಿಂಸಾತ್ಮಕ ಬಲಪಂಥೀಯ ಗುಪ್ತ ಸಂಘಟನೆಗೆ ಹಣ ಕೊಟ್ಟ. ಜರ್ಮನರು ಫ್ರಾನ್ಸನ್ನು ಆಕ್ರಮಿಸಿದ ಮೇಲೆ ಅವರ ಪರ ನಿಂತ ಪಕ್ಷವೊಂದರ ಜೊತೆಗೂ ಇದ್ದ. ಯುದ್ಧದ ನಂತರ ವಿಚಾರಣೆ ನಡೆಯಿತು, ಶಿಕ್ಷೆಯಾಗಲಿಲ್ಲ. 1957ರಲ್ಲಿ ತೀರಿಕೊಂಡ. ತಲೆಯ ಚರ್ಮಕ್ಕೆ ಹಾನಿಯಾಗಬಾರದು ಎಂದು ಹೊರಟವನು, ಮನುಷ್ಯರಿಗೇ ಹಾನಿ ಮಾಡುವವರ ಜೊತೆ ನಿಂತ. ವಿದ್ಯೆ ಇದ್ದರೆ ವಿವೇಕ ತಾನಾಗಿ ಬರುವುದಿಲ್ಲ ಎಂದು ನನಗೆ ಇದರಿಂದ ತಿಳಿಯಿತು. ಅವನ ರಸಾಯನವನ್ನು ಕಲಿಯೋಣ, ಅವನ ರಾಜಕೀಯವನ್ನು ಬಿಡೋಣ.

ಹಾನಿಯಿಲ್ಲ ಎಂಬ ಹೆಸರಿನ ಭರವಸೆ ಇಂದಿಗೂ ಪೂರ್ತಿ ನಿಜವಾಗಿಲ್ಲ. ಪಿಪಿಡಿ ಕೆಲವರಿಗೆ ತೀವ್ರ ಅಲರ್ಜಿ ತರುತ್ತದೆ: ತುರಿಕೆ, ಬೊಬ್ಬೆ, ಮುಖದ ಊತ. ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಮದುವೆ ಮನೆಯ ಮೆಹಂದಿಗೂ ಇದು ಅನ್ವಯಿಸುತ್ತದೆ. ಗೋರಂಟಿ ಎಲೆಯ ಸಹಜ ಬಣ್ಣ ಕೆಂಪು ಮಿಶ್ರಿತ ಕಂದು. ಒಂದೆರಡು ಗಂಟೆಯಲ್ಲೇ ಕಡುಗಪ್ಪಾಗುವ ಮೆಹಂದಿಯಲ್ಲಿ ಹೆಚ್ಚಾಗಿ ಪಿಪಿಡಿ ಬೆರೆಸಿರುತ್ತಾರೆ. ಅದನ್ನು ಚಿಕ್ಕ ಮಕ್ಕಳ ಕೈಗೆ ಹಚ್ಚಲೇಬೇಡಿ.

ನನ್ನಂತೆ ಕೆಲಸ ಕಲಿಯುವವರಿಗೆ ಮೂರು ಮಾತು. ಗಿರಾಕಿ ಎಷ್ಟೇ ಅವಸರ ಮಾಡಲಿ, ಬಣ್ಣವನ್ನು ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಸ್ವಲ್ಪ ಹಚ್ಚಿ 48 ಗಂಟೆ ನೋಡಿ. ಕೈಗವಸು ಹಾಕಿಕೊಳ್ಳಿ, ಏಕೆಂದರೆ ಗಿರಾಕಿ ತಿಂಗಳಿಗೊಮ್ಮೆ ಬರುತ್ತಾನೆ, ನಾವು ದಿನವೂ ಮುಟ್ಟುತ್ತೇವೆ. ಕಿಟಕಿ ತೆರೆದಿಡಿ. ಪರೀಕ್ಷೆಗೆಂದು ಓದುವ ರಸಾಯನಶಾಸ್ತ್ರ ನಮ್ಮ ಬೆರಳನ್ನೂ, ನಮ್ಮನ್ನು ನಂಬಿ ಕುರ್ಚಿಯಲ್ಲಿ ಕೂತವರ ಕಣ್ಣು, ಚರ್ಮವನ್ನೂ ಕಾಯಬಲ್ಲದು.