ಬೋರ್ಡಿಂಗ್ ಶಾಲೆಯ ಹುಡುಗ ಜನರಲ್ ತಿಮ್ಮಯ್ಯ

ಡಿಸೆಂಬರ್ ಬಂತೆಂದರೆ ನಮ್ಮ ಧರ್ಮಕೇಂದ್ರಗಳಲ್ಲಿ ಗೋದಲಿ ಕಟ್ಟುವ, ಕ್ಯಾರಲ್ ಅಭ್ಯಾಸ ಮಾಡುವ ಗಡಿಬಿಡಿ. ಈ ಗಡಿಬಿಡಿಯಲ್ಲಿ 18ನೇ ತಾರೀಕು ಸದ್ದಿಲ್ಲದೆ ಕಳೆದುಹೋಗುತ್ತದೆ. 1965ರಲ್ಲಿ ಇದೇ ದಿನ ಕೊಡಗಿನ ಮಗ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ದೂರದ ಸೈಪ್ರಸ್ ದ್ವೀಪದಲ್ಲಿ ತೀರಿಕೊಂಡರು. ಆಗ ಅವರಿಗೆ 59 ವರ್ಷ.

ಪ್ರಿಯ ಓದುಗರೇ, ಸೇನಾಧಿಪತಿಯೊಬ್ಬರ ಕಥೆ ನಮ್ಮ ಪುಟದಲ್ಲಿ ಏಕೆ ಎಂದು ನೀವು ಕೇಳಬಹುದು. ಅದಕ್ಕೊಂದು ಕಾರಣವಿದೆ. ನಮ್ಮ ಕರಾವಳಿಯ ಕಟ್ಟಡ ಕೆಲಸಗಳಿಗೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯಿಂದ ಸಂಸಾರ ಸಮೇತ ಬರುವ ಜನರನ್ನು ನೀವೆಲ್ಲ ಬಲ್ಲಿರಿ. ಅವರಲ್ಲಿ ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ತಂದೆ ಒಂದು ಸಂಜೆ ಗುರುನಿವಾಸದ ಬಾಗಿಲಿಗೆ ಬಂದರು. ಕೆಲಸ ಮುಗಿದಂತೆ ಊರೂರು ಬದಲಾಯಿಸಬೇಕು, ಮಗನ ಓದು ನಿಲ್ಲುತ್ತಿದೆ, ಅವನನ್ನು ನಿಮ್ಮ ಬೋರ್ಡಿಂಗಿಗೆ ಹಾಕಿಕೊಳ್ಳುತ್ತೀರಾ ಎಂಬುದು ಅವರ ಪ್ರಶ್ನೆ. ಆ ಸೀಮೆಯವರಿಗೆ ಬೋರ್ಡಿಂಗ್ ಹೊಸದೇನಲ್ಲ. ಮಠಗಳ ಉಚಿತ ಪ್ರಸಾದ ನಿಲಯಗಳಲ್ಲಿ ಉಂಡು, ಓದಿ ಮುಂದೆ ಬಂದವರು ಅಲ್ಲಿ ಊರೂರಿಗೂ ಸಿಗುತ್ತಾರೆ. ಹುಡುಗನಿಗೆ ಎಂಟು ವರ್ಷ. ಅಪ್ಪನ ಅಂಗಿಯ ತುದಿ ಹಿಡಿದುಕೊಂಡು ನಿಂತಿದ್ದ. ತಿಮ್ಮಯ್ಯನವರನ್ನು ಮನೆಯವರು ಬೋರ್ಡಿಂಗಿಗೆ ಕಳಿಸಿದ್ದೂ ಎಂಟನೇ ವಯಸ್ಸಿನಲ್ಲೇ ಎಂಬುದು ನನಗೆ ಆ ಹೊತ್ತಿಗೆ ನೆನಪಾಯಿತು.

ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್ ಕೊನೆಯಲ್ಲಿ, ಮಡಿಕೇರಿಯಲ್ಲಿ. ತಂದೆ ಸುಬ್ಬಯ್ಯ, ತಾಯಿ ಸೀತಮ್ಮ. ಕಾಫಿ ತೋಟದ ಅನುಕೂಲಸ್ಥ ಮನೆತನ. ಮನೆಯ ಹೆಸರು ಸನ್ನಿ ಸೈಡ್. ಅಣ್ಣ ಪೊನ್ನಪ್ಪ, ತಮ್ಮ ಸೋಮಯ್ಯ, ಇಬ್ಬರೂ ಮುಂದೆ ಸೇನೆಯ ಅಧಿಕಾರಿಗಳಾದರು. ಸ್ವತಂತ್ರ ಭಾರತದ ಭೂಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರೂ ಇದೇ ಕೊಡಂದೇರ ಒಕ್ಕದವರು. ಒಂದೇ ಒಕ್ಕ ದೇಶಕ್ಕೆ ಇಬ್ಬರು ಸೇನಾ ಮುಖ್ಯಸ್ಥರನ್ನು ಕೊಟ್ಟಿದೆ.

ಎಂಟು ವರ್ಷದ ಬಾಲಕನನ್ನು ಮೊದಲು ಕಳಿಸಿದ್ದು ನೀಲಗಿರಿಯ ಕೂನೂರಿಗೆ. ಅಲ್ಲಿನ ಸಂತ ಜೋಸೆಫರ ಶಾಲೆಯನ್ನು ಐರ್ಲೆಂಡಿನ ಕಥೋಲಿಕ ಬ್ರದರುಗಳು ನಡೆಸುತ್ತಿದ್ದರು. ಶಿಸ್ತು, ಬೆತ್ತ, ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಮಲಗುವುದು, ಆ ಕಾಲದ ಬೋರ್ಡಿಂಗುಗಳೆಲ್ಲ ಹೀಗೆಯೇ. ಕಿರಿಯ ಗುರುಮಠದಲ್ಲಿ ಬೆಳೆದ ನನ್ನಂಥವರಿಗೆ ಆ ಗಂಟೆಯ ಸದ್ದು ಈಗಲೂ ಕಿವಿಯಲ್ಲಿದೆ. ಮೊದಲ ವಾರ ರಾತ್ರಿ ದೀಪ ಆರಿದ ಮೇಲೆ ಹೊದಿಕೆಯೊಳಗೆ ಏನಾಗುತ್ತದೆ ಎಂಬುದನ್ನು ಬೋರ್ಡಿಂಗ್ ಕಂಡವರಿಗೆ ಹೇಳಬೇಕಾಗಿಲ್ಲ.

ಅಲ್ಲಿಂದ ಹುಡುಗ ಬಂದದ್ದು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಗೆ. ಈ ಶಾಲೆಯ ಹುಟ್ಟಿನ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು. ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಎಂಬವರು ಇಂಗ್ಲೆಂಡಿನ ಪ್ರಸಿದ್ಧ ರಗ್ಬಿ ಶಾಲೆಯಲ್ಲಿ ಥಾಮಸ್ ಅರ್ನಾಲ್ಡರ ಕೈಕೆಳಗೆ ಅಧ್ಯಾಪಕರಾಗಿದ್ದವರು. ಬಳಿಕ ಮಾರ್ಲ್‌ಬರೋ ಶಾಲೆಯ ಮುಖ್ಯಸ್ಥರಾಗಿ, ಪುಂಡಾಟಕ್ಕೆ ಹೆಸರಾಗಿದ್ದ ಅಲ್ಲಿನ ಹುಡುಗರನ್ನು ಕ್ರಮಬದ್ಧ ಆಟೋಟಗಳ ಮೂಲಕ ದಾರಿಗೆ ತಂದರು. 1858ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪರಾಗಿ ಬಂದಾಗ, ಇಲ್ಲಿನ ಯುರೋಪಿಯನ್ ಮತ್ತು ಯುರೇಷಿಯನ್ ಮಕ್ಕಳಿಗೆ ಸರಿಯಾದ ಶಾಲೆಗಳಿಲ್ಲವೆಂದು ಅವರು ಮರುಗಿದರು. ಅವರ ಪ್ರೇರಣೆಯಿಂದ 1859ರಲ್ಲಿ ಸಿಮ್ಲಾದ ಶಾಲೆ ಆರಂಭವಾಯಿತು. ಬೆಂಗಳೂರಿನಲ್ಲಿ ಸಂತ ಮಾರ್ಕರ ದೇವಾಲಯದ ಸೇನಾ ಪಾದ್ರಿ ಸ್ಯಾಮುಯೆಲ್ ಥಾಮಸ್ ಪೆಟ್ಟಿಗ್ರೂ 1865ರಲ್ಲಿ ಶಾಲೆ ತೆರೆದು ಅದಕ್ಕೆ ಬಿಷಪರ ಹೆಸರಿಟ್ಟರು. ಮರುವರ್ಷ ಅಕ್ಟೋಬರಿನಲ್ಲಿ ಬಂಗಾಳದ ಕುಷ್ಠಿಯಾದಲ್ಲಿ ದೋಣಿ ಹತ್ತುವಾಗ ಕಾಲು ಜಾರಿ ಬಿಷಪ್ ಕಾಟನ್ ನದಿಗೆ ಬಿದ್ದರು. ದೇಹ ಕೂಡ ಸಿಗಲಿಲ್ಲ.

1870ರ ದಶಕದಲ್ಲಿ ಶಾಲೆಯನ್ನು ಸೇಂಟ್ ಮಾರ್ಕ್ಸ್ ರಸ್ತೆಗೆ ತಂದು ಬೆಳೆಸಿದವರು ಜಿ.ಯು. ಪೋಪ್. ಮುಂದೆ, 1886ರಲ್ಲಿ, ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ತಮಿಳು ವಿದ್ವಾಂಸರು ಇವರೇ. ಶಾಲೆಯ ಧ್ಯೇಯವಾಕ್ಯ ಲ್ಯಾಟಿನ್ ಭಾಷೆಯಲ್ಲಿದೆ. ಅದರ ಮೂಲ ಯೆಹೋಶುವನ ಗ್ರಂಥದ ಮೊದಲ ಅಧ್ಯಾಯ. ಬಲಕ್ಕೂ ವಾಲದೆ, ಎಡಕ್ಕೂ ವಾಲದೆ ನಡೆಯಬೇಕೆಂಬುದು ಅದರ ಅರ್ಥ. ಈ ಮಾತನ್ನು ಓದುಗರು ಸ್ವಲ್ಪ ನೆನಪಿನಲ್ಲಿಡಬೇಕಾಗಿ ವಿನಂತಿ.

ಈ ಶಾಲೆಯಲ್ಲಿ ಓದಿದ ಇನ್ನೊಬ್ಬ ಕೊಡಗಿನ ಹುಡುಗ ವಿಲಿಯಂ ಲೀಫ್ ರಾಬಿನ್ಸನ್. ಪಾಲಿಬೆಟ್ಟದ ಕಾಫಿ ತೋಟದಲ್ಲಿ 1895ರಲ್ಲಿ ಹುಟ್ಟಿದ ಇಂಗ್ಲಿಷ್ ಬಾಲಕ. ಮೊದಲ ಮಹಾಯುದ್ಧದಲ್ಲಿ, 1916ರ ಸೆಪ್ಟೆಂಬರಿನಲ್ಲಿ, ಬ್ರಿಟನ್ನಿನ ಆಕಾಶದಲ್ಲಿ ಜರ್ಮನ್ ವಾಯುನೌಕೆಯನ್ನು ಹೊಡೆದುರುಳಿಸಿ ವಿಕ್ಟೋರಿಯಾ ಕ್ರಾಸ್ ಪದಕ ಪಡೆದ. 1918ರ ಕೊನೆಯ ದಿನ ಇನ್‌ಫ್ಲುಯೆಂಜಾದಿಂದ ತೀರಿಕೊಂಡ. ಶಾಲೆಗೆ ಆಗ ಅವನಿಗಿಂತ ದೊಡ್ಡ ಹೆಮ್ಮೆ ಇರಲು ಸಾಧ್ಯವಿರಲಿಲ್ಲ. ಬಿಳಿಯರ ಮಕ್ಕಳಿಗೆಂದೇ ಹುಟ್ಟಿದ ಶಾಲೆಗೆ ಅವನಿಗಿಂತ ಹೆಚ್ಚಿನ ಕೀರ್ತಿ ತಂದುಕೊಡುವವನು ಕೊಡವ ಹುಡುಗನೊಬ್ಬ ಎಂದು ಅಂದು ಯಾರೂ ಊಹಿಸಿರಲಾರರು.

1922ರಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಹುಡುಗರಿಗಾಗಿ ಸೈನಿಕ ಶಾಲೆಯೊಂದು ಆರಂಭವಾಯಿತು. ತಿಮ್ಮಯ್ಯ ಅಲ್ಲಿ ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಅಕಾಡೆಮಿಗೆ ಆಯ್ಕೆಯಾದ ಆರು ಮಂದಿ ಭಾರತೀಯರಲ್ಲಿ ಅವರೊಬ್ಬರು. 1926ರಲ್ಲಿ ಅಧಿಕಾರಿಯಾಗಿ ಹೊರಬಂದಾಗ ವಯಸ್ಸು ಸುಮಾರು ಇಪ್ಪತ್ತು. ಅಂದರೆ ಎಂಟರಿಂದ ಇಪ್ಪತ್ತರವರೆಗೆ ಹನ್ನೆರಡು ವರ್ಷ, ನಾಲ್ಕು ಸಂಸ್ಥೆಗಳು, ಒಂದರಲ್ಲೂ ಕೊಡವ ಮಾತು ಇಲ್ಲ. ಪರರ ನಡುವೆ ಬಾಳುವುದೇ ಅವರ ನಿಜವಾದ ವಿದ್ಯಾಭ್ಯಾಸವಾಯಿತು ಎಂದು ನನ್ನ ಅನಿಸಿಕೆ.

ಸೇನೆಯಲ್ಲೂ ಅದೇ ಪಾಡು. ಸಮವಸ್ತ್ರ ಒಂದೇ ಆದರೂ ಅನೇಕ ಕ್ಲಬ್ಬುಗಳ ಬಾಗಿಲು ಭಾರತೀಯ ಅಧಿಕಾರಿಗಳಿಗೆ ಮುಚ್ಚಿತ್ತು. ಸ್ವಾತಂತ್ರ್ಯ ಚಳವಳಿ ಕಾವೇರಿದ ದಿನಗಳಲ್ಲಿ ರಾಜೀನಾಮೆ ಕೊಟ್ಟುಬಿಡಲೇ ಎಂದು ತಿಮ್ಮಯ್ಯ ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರನ್ನು ಕೇಳಿದ್ದರು. ಬೇಡ, ನಾಳೆ ಸ್ವತಂತ್ರ ದೇಶಕ್ಕೆ ತರಬೇತಿ ಪಡೆದ ಸೇನಾಧಿಕಾರಿಗಳು ಬೇಕಾಗುತ್ತಾರೆ ಎಂಬುದು ಹಿರಿಯರ ಸಲಹೆಯಾಗಿತ್ತು. ಅವರು ಉಳಿದರು. 1935ರಲ್ಲಿ ನೀನಾ ಕಾರ್ಯಪ್ಪ ಅವರನ್ನು ಮದುವೆಯಾದರು. ಅದೇ ವರ್ಷ ಮೇ 31ರಂದು ಕ್ವೆಟ್ಟಾದಲ್ಲಿ ಭೀಕರ ಭೂಕಂಪವಾದಾಗ ದಂಪತಿ ಅಲ್ಲಿದ್ದರು. ಇಬ್ಬರೂ ಪರಿಹಾರ ಕಾರ್ಯಕ್ಕಿಳಿದರು.

ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ರಂಗ. 1945ರ ಜನವರಿಯಲ್ಲಿ ಕಂಗಾವ್ ಎಂಬಲ್ಲಿ ನಡೆದ ಕಾಳಗದಲ್ಲಿ ಒಂದೇ ಬ್ರಿಗೇಡಿನ ಮೂರು ದಳಗಳನ್ನು ಮೂವರು ಭಾರತೀಯರು ನಡೆಸಿದರು: ತಿಮ್ಮಯ್ಯ, ಥೋರಾಟ್, ಸೇನ್. ಮೂವರಿಗೂ ಶೌರ್ಯ ಪದಕ ಬಂತು. ಆಮೇಲೆ ಬ್ರಿಗೇಡನ್ನೇ ಯುದ್ಧಭೂಮಿಯಲ್ಲಿ ನಡೆಸಿದ ಮೊದಲ ಭಾರತೀಯರು ತಿಮ್ಮಯ್ಯ. ಸಿಂಗಾಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಪ್ರತಿನಿಧಿಯಾಗಿ ಅಲ್ಲಿದ್ದರು.

ಕಾಶ್ಮೀರದ ಕಥೆ ಬಹಳ ಜನರಿಗೆ ಗೊತ್ತಿದೆ. 1948ರ ಮೇ ತಿಂಗಳಲ್ಲಿ ಲೇಹ್ ಪಟ್ಟಣ ಕೈತಪ್ಪುವಂತಿತ್ತು. ಏರ್ ಕಮೋಡೋರ್ ಮೆಹರ್ ಸಿಂಗ್ ಸಮುದ್ರಮಟ್ಟದಿಂದ 10,000 ಅಡಿಗೂ ಎತ್ತರದ ಮರಳಿನ ಪಟ್ಟಿಯ ಮೇಲೆ ಡಕೋಟಾ ವಿಮಾನ ಇಳಿಸಿದರು. ಹಿಂದೆ ಯಾರೂ ಅಲ್ಲಿ ವಿಮಾನ ಇಳಿಸಿರಲಿಲ್ಲ. ಒಳಗೆ ಕೂತಿದ್ದವರು ಮೇಜರ್ ಜನರಲ್ ತಿಮ್ಮಯ್ಯ. ನವೆಂಬರ್ 1ರಂದು ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿಗಳು ಎಣಿಸಿಯೇ ಇರಲಿಲ್ಲ. ಆ ತಿಂಗಳೊಳಗೆ ದ್ರಾಸ್, ಕಾರ್ಗಿಲ್ ಮತ್ತೆ ನಮ್ಮದಾದವು.

ಆದರೆ ನನ್ನ ಮಟ್ಟಿಗೆ ಅವರ ಬಾಳಿನ ದೊಡ್ಡ ಅಧ್ಯಾಯ ಕೊರಿಯಾ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಒಂದು ಕಗ್ಗಂಟು ಉಳಿಯಿತು. ದಕ್ಷಿಣದ ಕಡೆ ಸೆರೆಯಲ್ಲಿದ್ದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರು ಊರಿಗೆ ಮರಳಲು ಒಪ್ಪಲಿಲ್ಲ. ಉತ್ತರದ ಕಡೆಯೂ ಮುನ್ನೂರಕ್ಕೂ ಹೆಚ್ಚು ಮಂದಿ ಹೀಗೆಯೇ ಹಟ ಹಿಡಿದರು. ಇವರನ್ನು ನೋಡಿಕೊಳ್ಳಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಒಂದು ಕಡೆ ಪೋಲೆಂಡ್, ಚೆಕೊಸ್ಲೊವಾಕಿಯಾ. ಇನ್ನೊಂದು ಕಡೆ ಸ್ವೀಡನ್, ಸ್ವಿಟ್ಜರ್ಲೆಂಡ್. ನಡುವೆ ಅಧ್ಯಕ್ಷ ಸ್ಥಾನದಲ್ಲಿ ಭಾರತದ ತಿಮ್ಮಯ್ಯ. ಕೈದಿಗಳನ್ನು ಕಾಯಲು ಹೋದ ನಮ್ಮ ಪಡೆಯ ನಾಯಕರು ಬರ್ಮಾದ ಹಳೆಯ ಗೆಳೆಯ ಥೋರಾಟ್.

ಶಿಬಿರಗಳಲ್ಲಿ ದಿನವೂ ಗಲಭೆ. ಮರಳಿ ಬನ್ನಿ ಎಂದು ತಿಳಿಹೇಳಲು ಬಂದ ಅಧಿಕಾರಿಗಳ ಮುಖ ನೋಡಲೂ ಕೈದಿಗಳು ಸಿದ್ಧರಿರಲಿಲ್ಲ. ಕಮ್ಯುನಿಸ್ಟರ ಪ್ರಕಾರ ಭಾರತ ಅಮೆರಿಕದ ಪರ. ದಕ್ಷಿಣ ಕೊರಿಯಾದವರ ಪ್ರಕಾರ ಭಾರತ ಕಮ್ಯುನಿಸ್ಟರ ಪರ. ಬಲವಂತದಿಂದ ಒಬ್ಬನನ್ನೂ ಕಳಿಸಬಾರದು, ಬಲವಂತದಿಂದ ಒಬ್ಬನನ್ನೂ ತಡೆಯಬಾರದು ಎಂಬ ನಿಲುವಿಗೆ ತಿಮ್ಮಯ್ಯ ಅಂಟಿಕೊಂಡರು. ಅವಧಿ ಮುಗಿದಾಗ, 1954ರ ಜನವರಿಯಲ್ಲಿ, ಉಳಿದವರನ್ನು ಯಾರಿಂದ ಪಡೆದಿದ್ದರೋ ಅವರಿಗೇ ಒಪ್ಪಿಸಿ ಹೊರಟರು. ಎರಡೂ ಕಡೆಯವರಿಗೆ ಪೂರ್ತಿ ಸಮಾಧಾನವಾಗಲಿಲ್ಲ. ಆ ಶಾಲೆಯ ಧ್ಯೇಯವಾಕ್ಯವನ್ನು ಇಷ್ಟು ಅಕ್ಷರಶಃ ಪಾಲಿಸಬೇಕಾಗಿ ಬಂದ ಹಳೆಯ ವಿದ್ಯಾರ್ಥಿ ಇನ್ನೊಬ್ಬರಿರಲಾರರು. ಅದೇ ವರ್ಷ ಅವರಿಗೆ ಪದ್ಮಭೂಷಣ ಬಂತು.

1957ರ ಮೇ 8ರಂದು ಇಬ್ಬರು ಹಿರಿಯರನ್ನು ದಾಟಿ ಭೂಸೇನಾ ಮುಖ್ಯಸ್ಥರಾದರು. ಇದನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ: 1959ರ ಆಗಸ್ಟ್ ಕೊನೆಯಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗೆ ಹೊಂದಾಣಿಕೆಯಾಗದೆ ರಾಜೀನಾಮೆ ಬರೆದುಕೊಟ್ಟರು. ಪ್ರಧಾನಿ ನೆಹರೂ ಕರೆಸಿ ಮಾತಾಡಿ ಹಿಂತೆಗೆದುಕೊಳ್ಳುವಂತೆ ಮಾಡಿದರು. ಬಳಿಕ ಸಂಸತ್ತಿನಲ್ಲಿ ನೆಹರೂ ಆಡಿದ ಮಾತುಗಳಿಂದ ತಿಮ್ಮಯ್ಯನವರ ಮಾನಕ್ಕೆ ಕುಂದು ಬಂತು. ಹಿಂತೆಗೆದುಕೊಂಡದ್ದು ತಪ್ಪೆಂದು ಹೇಳುವವರಿದ್ದಾರೆ. ಸೈನಿಕನು ಚುನಾಯಿತ ಸರಕಾರಕ್ಕೆ ತಲೆಬಾಗಿದ್ದು ಸರಿಯೆನ್ನುವವರೂ ಇದ್ದಾರೆ. ನಾನು ಎರಡನೆಯವರ ಪರ. 1961ರ ಮೇ ತಿಂಗಳಲ್ಲಿ ನಿವೃತ್ತರಾಗಿ ಕೊಡಗಿಗೆ ಬಂದರು. ಮರುವರ್ಷ ಚೀನಾ ಯುದ್ಧದಲ್ಲಿ ನಮ್ಮ ಸೇನೆಗೆ ಏನಾಯಿತೆಂದು ಎಲ್ಲರಿಗೂ ತಿಳಿದದ್ದೇ.

1964ರ ಜುಲೈಯಲ್ಲಿ ಮತ್ತೆ ಕರೆ ಬಂತು. ಸೈಪ್ರಸ್ಸಿನಲ್ಲಿ ಗ್ರೀಕರು ಮತ್ತು ತುರ್ಕರು ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದರು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ತಿಮ್ಮಯ್ಯ ದಂಡನಾಯಕರಾದರು. ಮತ್ತೆ ಇಬ್ಬರ ನಡುವೆ ನಿಲ್ಲುವ ಕೆಲಸ. ಒಂದೂವರೆ ವರ್ಷದ ಬಳಿಕ ಹೃದಯಾಘಾತವಾಗಿ ಅಲ್ಲೇ ತೀರಿಕೊಂಡರು. ದೇಹವನ್ನು ಬೆಂಗಳೂರಿಗೆ ತಂದರು. ಮುಂದಿನ ವರ್ಷ ಸೈಪ್ರಸ್ ಸರಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು.

ಬೆಂಗಳೂರಿನ ರಿಚ್ಮಂಡ್ ರಸ್ತೆಗೆ ಈಗ ಅವರ ಹೆಸರು. ಶಾಲೆಯ ಪಕ್ಕದ ರೆಸಿಡೆನ್ಸಿ ರಸ್ತೆಗೆ ಕಾರ್ಯಪ್ಪನವರ ಹೆಸರು. ಮಡಿಕೇರಿಯ ಸನ್ನಿ ಸೈಡ್ ಮನೆ ಮಾತ್ರ ಬಹಳ ಕಾಲ ವಾಹನ ಪರವಾನಗಿ ಕೊಡುವ ಸಾರಿಗೆ ಕಚೇರಿಯಾಗಿತ್ತು. ಜನ ಅಲ್ಲಿ ಲೈಸೆನ್ಸಿಗೆ ಸಾಲು ನಿಲ್ಲುತ್ತಿದ್ದರು! ಕೊನೆಗೆ ಅದು ಸ್ಮಾರಕ ವಸ್ತುಸಂಗ್ರಹಾಲಯವಾಗಿ 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟನೆಗೊಂಡಿತು. ಮಡಿಕೇರಿಗೆ ಪ್ರವಾಸ ಹೋಗುವ ನಮ್ಮ ಯುವಜನ ಸಂಘಗಳು ರಾಜಾಸೀಟಿನ ಜೊತೆಗೆ ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಲಿ.

ಹಗರಿಬೊಮ್ಮನಹಳ್ಳಿಯ ಆ ತಂದೆಗೆ ಈ ಕಥೆಯನ್ನು ನಾನು ಚಿಕ್ಕದಾಗಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಎಲ್ಲ ಸರಿ ಫಾದರ್, ಉಗಾದಿಗೆ ಹುಡುಗನನ್ನು ಊರಿಗೆ ಕಳಿಸುತ್ತೀರಾ ಎಂದು ಕೇಳಿದರು. ಬೋರ್ಡಿಂಗಿನ ರಜಾಪಟ್ಟಿ ತೆಗೆದು ನೋಡಿದೆ. ಯುಗಾದಿಗೆ ಒಂದೇ ದಿನ ಇತ್ತು. ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಹೋಗುವುದಕ್ಕೇ ಒಂದು ದಿನ ಬೇಕು. ವಾರ್ಡನ್ ಗುರುಗಳೊಂದಿಗೆ ಮಾತಾಡಿ ಘಟ್ಟದ ಮೇಲಿನ ಮಕ್ಕಳಿಗೆ ಅದನ್ನು ನಾಲ್ಕು ದಿನ ಮಾಡಿಸಿದ್ದೇವೆ. ಹುಡುಗ ಜೂನ್ ತಿಂಗಳಲ್ಲಿ ಸೇರಿದ್ದಾನೆ.